ವಾರಂಟಿಗೆ ಎಕ್ಸ್‌ಪೈರಿ ಡೇಟ್ ಇಲ್ಲ



ನಮ್ಮ ಈ ಪತ್ರದಲ್ಲಿ ಸಾಮಾನ್ಯವಾಗಿ ಪಿಕ್ನಿಕ್, ದೀಪಾವಳಿ ನಾಟಕ, ಮಕ್ಕಳ ಕನ್ನಡ ತರಗತಿ, ಊರಿಂದ ಬರುವ ಕಲಾವಿದರ ಸುದ್ದಿ ಇರುತ್ತದೆ. ಇವುಗಳ ನಡುವೆ ಕೋರ್ಟು, ವಾರಂಟು ಎಂದು ಶುರು ಮಾಡಿದರೆ "ಇವನಿಗೇನಾಯಿತಪ್ಪಾ?" ಎಂದು ನೀವು ಹುಬ್ಬೇರಿಸಬಹುದು. ನನಗೇನೂ ಆಗಿಲ್ಲ. ಆದರೆ ಕಾರ್ಯಕ್ರಮ ಮುಗಿದು ಊಟದ ಕೊನೆಗೆ ಕಾಫಿ ಲೋಟ ಕೈಗೆ ಬಂದಾಗ, ಮೂಲೆಗೆ ಕರೆದು ದನಿ ತಗ್ಗಿಸಿ "ನಿಮಗೆ ಯಾರಾದರೂ ಲಾಯರ್ ಪರಿಚಯ ಇದ್ದಾರಾ? ಯಾರಿಗೂ ಹೇಳಬೇಡಿ" ಎಂದವರು ಒಬ್ಬಿಬ್ಬರಲ್ಲ. ಸಾಲದ ವಿಷಯವನ್ನಾಗಲಿ ಗ್ರೀನ್ ಕಾರ್ಡ್ ವಿಷಯವನ್ನಾಗಲಿ ನಾವು ಇಷ್ಟು ಗುಟ್ಟಾಗಿ ಮಾತಾಡುವುದಿಲ್ಲ. ಆ "ಯಾರಿಗೂ ಹೇಳಬೇಡಿ" ಎಂಬುದರ ಮೇಲೆಯೇ ನನ್ನ ತಕರಾರು. ನಾನು ಓದಿದ್ದು ಬಿ.ಇ., ಎಲ್‌ಎಲ್‌ಬಿ ಅಲ್ಲ. ಹಾಗಾಗಿ ಇಲ್ಲಿ ಬರೆದದ್ದನ್ನು ವಕೀಲರ ಸಲಹೆ ಎಂದು ತಿಳಿಯಬೇಡಿ. ವಕೀಲರ ಹತ್ತಿರ ಹೋಗುವುದಕ್ಕೆ ಧೈರ್ಯ ಬರಲಿ ಎಂದಷ್ಟೇ ಬರೆಯುತ್ತಿದ್ದೇನೆ.

ನಮ್ಮ ಕಸುಬಿನವರಿಗೆ ಬೆಂಚ್ ಅಂದರೆ ಪ್ರಾಜೆಕ್ಟ್ ಇಲ್ಲದೆ ಕೂರುವುದು. ಕೋರ್ಟಿನಲ್ಲಿ ಬೆಂಚ್ ಅಂದರೆ ನ್ಯಾಯಾಧೀಶರು ಕೂರುವ ಪೀಠ. ಪೊಲೀಸರು ಅಪರಾಧ ತನಿಖೆ ಮಾಡಿ, ಸಾಕ್ಷ್ಯ ತೋರಿಸಿ ಕೇಳಿ ಪಡೆಯುವ ಅರೆಸ್ಟ್ ವಾರಂಟ್ ಬೇರೆ. ಇಂಥ ದಿನ ಬಾ ಎಂದಿದ್ದರೂ ಬರದವರ ಮೇಲೆ, ಅಥವಾ ಕೋರ್ಟಿನ ಆದೇಶ ಪಾಲಿಸದವರ ಮೇಲೆ, ನ್ಯಾಯಾಧೀಶರು ಪೀಠದಿಂದಲೇ ಹೊರಡಿಸುವುದು ಬೆಂಚ್ ವಾರಂಟ್. ಅಂದರೆ ಇದು ನೀವು ಕಳ್ಳರೋ ಸುಳ್ಳರೋ ಎಂಬ ತೀರ್ಪಲ್ಲ, ಹಾಜರಾತಿ ಪುಸ್ತಕದಲ್ಲಿ ಬಿದ್ದ ಗೈರುಹಾಜರಿ. ಆದರೆ ಶಾಲೆಯ ಗೈರುಹಾಜರಿ ವರ್ಷ ಮುಗಿದರೆ ಮುಗಿಯಿತು. ಇದು ಹಾಗಲ್ಲ. ಕೋರ್ಟು ಹಿಂತೆಗೆದುಕೊಳ್ಳುವವರೆಗೆ, ಇಲ್ಲವೇ ಪೊಲೀಸರು ನಿಮ್ಮನ್ನು ಹಿಡಿದು ತಂದು ನಿಲ್ಲಿಸುವವರೆಗೆ ಅದು ಜೀವಂತವಾಗಿರುತ್ತದೆ. ಡೇಟಾಬೇಸಿನಲ್ಲಿ ಟೈಮ್‌ಔಟ್ ಇಲ್ಲದ ಲಾಕ್ ಇದ್ದಂತೆ. ತಾನಾಗಿ ಬಿಡಿಸಿಕೊಳ್ಳುವುದಿಲ್ಲ, ಯಾರೋ ಹೋಗಿ ಬಿಡಿಸಬೇಕು.

ನಮ್ಮಂಥವರಿಗೆ ಇದು ಬರುವ ದಾರಿ ಯಾವುದು? ಸಾಮಾನ್ಯವಾಗಿ ಅಂಚೆ ಡಬ್ಬಿಯ ದಾರಿ. ಕನ್ಸಲ್ಟಿಂಗ್‌ನಲ್ಲಿರುವವರು ಎರಡು ವರ್ಷದಲ್ಲಿ ಮೂರು ಅಪಾರ್ಟ್‌ಮೆಂಟ್ ಬದಲಿಸುತ್ತಾರೆ. ಷಾಂಬರ್ಗ್‌ನಿಂದ ನೇಪರ್‌ವಿಲ್, ಅಲ್ಲಿಂದ ಪ್ರಾಜೆಕ್ಟ್ ಸಿಕ್ಕಿತೆಂದು ಫಾರ್ಮಿಂಗ್ಟನ್ ಹಿಲ್ಸ್. ವಲಸೆ ಇಲಾಖೆಗೆ ಎಆರ್-11 ಅರ್ಜಿಯಲ್ಲಿ 10 ದಿನದೊಳಗೆ ಹೊಸ ವಿಳಾಸ ಕೊಡಬೇಕೆಂಬುದು ಎಲ್ಲರಿಗೂ ಕಂಠಪಾಠ. ಆದರೆ ಆ ಅರ್ಜಿ ಕೋರ್ಟಿಗೂ ಹೋಗುವುದಿಲ್ಲ, ಡ್ರೈವಿಂಗ್ ಲೈಸೆನ್ಸ್ ಕೊಡುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೂ ಹೋಗುವುದಿಲ್ಲ. ಒಂದು ಸಣ್ಣ ಟ್ರಾಫಿಕ್ ಟಿಕೆಟ್‌ನ ನೋಟಿಸು ಹಳೆ ಮನೆಗೆ ಹೋಗುತ್ತದೆ. ಉತ್ತರವಿಲ್ಲವೆಂದು ಲೈಸೆನ್ಸ್ ಅಮಾನತಾಗುತ್ತದೆ. ಆ ಕಾಗದವೂ ಹಳೆ ಮನೆಗೇ. ನೀವು ನೆಮ್ಮದಿಯಾಗಿ ಪಟೇಲ್ ಬ್ರದರ್ಸ್‌ಗೆ ಹೋಗಿ ಕರಿಬೇವು ತರುವಾಗ ಹಿಂದಿನ ದೀಪ ಉರಿಯುತ್ತಿಲ್ಲವೆಂದು ಪೊಲೀಸರು ನಿಲ್ಲಿಸುತ್ತಾರೆ. ಅಮಾನತಾದ ಲೈಸೆನ್ಸ್‌ನಲ್ಲಿ ಗಾಡಿ ಓಡಿಸುವುದು ಇಲಿನಾಯ್‌ನಲ್ಲಿ ಸಾಮಾನ್ಯವಾಗಿ ಕ್ಲಾಸ್ ಎ ಮಿಸ್‌ಡಿಮೀನರ್. ಮಿಶಿಗನ್‌ನಲ್ಲೂ ಮಿಸ್‌ಡಿಮೀನರ್, ಮೊದಲ ಸಲಕ್ಕೇ 93 ದಿನಗಳವರೆಗೆ ಜೈಲು ಕೊಡಲು ಅವಕಾಶವಿದೆ. ಈಗ ಅದು ಬರೀ ಟಿಕೆಟ್ ಅಲ್ಲ, ಕ್ರಿಮಿನಲ್ ಕೇಸು, ಕೋರ್ಟಿನ ತಾರೀಖು. ಆ ತಾರೀಖಿಗೆ ನೀವು ಬೆಂಗಳೂರಿನಲ್ಲಿ ತಂಗಿಯ ಮದುವೆಯಲ್ಲಿದ್ದರೆ ಬೆಂಚ್ ವಾರಂಟ್.

ವೇಗದ ವಿಷಯದಲ್ಲೂ ಒಂದು ಮಾತು. ಇಲಿನಾಯ್‌ನಲ್ಲಿ ಮಿತಿಗಿಂತ 26 ಮೈಲಿ ಅಥವಾ ಹೆಚ್ಚು ವೇಗದಲ್ಲಿ ಓಡಿಸಿದರೆ ಅದು ಬರೀ ದಂಡದ ವಿಷಯವಲ್ಲ, ಕ್ಲಾಸ್ ಬಿ ಮಿಸ್‌ಡಿಮೀನರ್. 35 ದಾಟಿದರೆ ಕ್ಲಾಸ್ ಎ. 55ರ ರಸ್ತೆಯಲ್ಲಿ 81 ಅಂದರೆ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಎಷ್ಟು ಜನ ಓಡಿಸುವುದಿಲ್ಲ ಹೇಳಿ! "ಆನ್‌ಲೈನಲ್ಲಿ ದುಡ್ಡು ಕಟ್ಟಿದರಾಯಿತು" ಎಂದು ಟಿಕೆಟ್ಟನ್ನು ಗ್ಲೋವ್ ಬಾಕ್ಸಿಗೆ ತುರುಕುವ ಮುಂಚೆ, ಖುದ್ದು ಹಾಜರಾಗಬೇಕು ಎಂದು ಅದರಲ್ಲಿ ಗುರುತು ಹಾಕಿದ್ದಾರೆಯೇ ನೋಡಿ.

ಇನ್ನು ಯಾವ ಕೋರ್ಟು? ಸಿಟಿ ಕೋರ್ಟು ಎಂದು ನಾವು ಬಾಯಿಮಾತಿಗೆ ಅನ್ನುತ್ತೇವೆ. ನಿಜವಾಗಿ ಇಲಿನಾಯ್‌ನಲ್ಲಿ ಅಂಥ ಕೋರ್ಟೇ ಇಲ್ಲ. 1964ರ ಜನವರಿ 1ರಿಂದ ಊರಿನ ಕೋರ್ಟು, ಜಸ್ಟಿಸ್ ಆಫ್ ದಿ ಪೀಸ್ ಎಲ್ಲವನ್ನೂ ತೆಗೆದು ಒಂದೇ ಸರ್ಕಿಟ್ ಕೋರ್ಟಿನ ಕೆಳಗೆ ತಂದರು. ನಮ್ಮ ಎಲ್ಕ್ ಗ್ರೋವ್ ವಿಲೇಜ್ ಬಹುಪಾಲು ಕುಕ್ ಕೌಂಟಿಯಲ್ಲಿದೆ, ಒಂದು ತುಂಡು ಡುಪೇಜ್‌ನಲ್ಲಿದೆ. ಕುಕ್ ಭಾಗದ ಕೇಸುಗಳಿಗೆ ರೋಲಿಂಗ್ ಮೆಡೋಸ್ ಕೋರ್ಟು, ಡುಪೇಜ್ ಭಾಗಕ್ಕೆ ವೀಟನ್. ಹುಲ್ಲು ಕತ್ತರಿಸಿಲ್ಲ, ರಾತ್ರಿ ಬೀದಿಯಲ್ಲಿ ಕಾರು ನಿಲ್ಲಿಸಿದ್ದೀರಿ ಎಂದು ವಿಲೇಜಿನವರೇ ವಿಚಾರಣೆ ನಡೆಸುವ ಪದ್ಧತಿ ಬಹಳ ಊರುಗಳಲ್ಲಿದೆ. ಅಲ್ಲಿ ಕೂರುವ ಅಧಿಕಾರಿಗೆ ದಂಡ ಹಾಕುವ ಅಧಿಕಾರ ಉಂಟು, ಜೈಲಿಗೆ ಕಳಿಸುವ ಅಧಿಕಾರ ಇಲ್ಲ. ಆದ್ದರಿಂದ ಹುಲ್ಲಿನ ನೋಟಿಸಿಗೆ ನಿದ್ದೆಗೆಡಬೇಡಿ, ದಂಡ ಕಟ್ಟಿ ಹುಲ್ಲು ಕತ್ತರಿಸಿ.

ಮಿಶಿಗನ್‌ನಲ್ಲಿ ಡಿಸ್ಟ್ರಿಕ್ಟ್ ಕೋರ್ಟುಗಳು. ಡೆಟ್ರಾಯಿಟ್ ನಗರಕ್ಕೆ 36ನೆಯದು, ಫಾರ್ಮಿಂಗ್ಟನ್ ಹಿಲ್ಸ್‌ಗೆ 47ನೆಯದು, ಕ್ಯಾಂಟನ್ ಕಡೆಯವರಿಗೆ ಪ್ಲಿಮತ್‌ನ 35ನೆಯದು, ಟ್ರಾಯ್ ಮತ್ತು ನೋವೈಯವರಿಗೆ 52ನೆಯದರ ಬೇರೆ ಬೇರೆ ವಿಭಾಗಗಳು. ನಡುವೆ ಇಂಡಿಯಾನಾ ಬರುತ್ತದಲ್ಲ, ಅಲ್ಲಿ ಸಿಟಿ ಕೋರ್ಟು, ಟೌನ್ ಕೋರ್ಟು ಎಂಬವು ಇವತ್ತಿಗೂ ಉಂಟು. ಶಿಕಾಗೋದ ವಿದ್ಯಾರಣ್ಯ ಕೂಟದವರು ಡೆಟ್ರಾಯಿಟ್‌ನ ಪಂಪ ಕೂಟದ ಕಾರ್ಯಕ್ರಮಕ್ಕೆ 94ರ ಹೆದ್ದಾರಿ ಹಿಡಿದು ಹೋಗಿ ಬಂದರೆ ಮೂರು ರಾಜ್ಯಗಳ ಮೂರು ಬಗೆಯ ಕೋರ್ಟುಗಳ ಸರಹದ್ದು ದಾಟಿದಂತೆ. ಹೊರರಾಜ್ಯದ ಟಿಕೆಟ್ಟು ಹೊರರಾಜ್ಯದಲ್ಲೇ ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇಲಿನಾಯ್, ಇಂಡಿಯಾನಾ ಎರಡೂ ಇಂಥ ಟಿಕೆಟ್ಟುಗಳ ಬಗೆಗಿನ ರಾಜ್ಯಗಳ ಒಪ್ಪಂದದಲ್ಲಿವೆ. ಇಂಡಿಯಾನಾದ ಟಿಕೆಟ್ಟಿಗೆ ಉತ್ತರ ಕೊಡದಿದ್ದರೆ ನಿಮ್ಮ ಇಲಿನಾಯ್ ಲೈಸೆನ್ಸೇ ಅಮಾನತಾಗಬಹುದು. ಮಿಶಿಗನ್ ಆ ಒಪ್ಪಂದದಲ್ಲಿಲ್ಲ. ಹಾಗೆಂದು ಅಲ್ಲಿನ ಕೋರ್ಟು ಮರೆಯುತ್ತದೆ ಎಂದಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಲ್ಲಿ ಹುಟ್ಟಿದವರಿಗೆ ಬೆಂಚ್ ವಾರಂಟ್ ಒಂದು ಕೆಟ್ಟ ಮಧ್ಯಾಹ್ನ. ನಮಗೆ ಹಾಗಲ್ಲ. ಟ್ರಾಫಿಕ್ ಟಿಕೆಟ್ ಅರೆಸ್ಟ್ ಅಲ್ಲ. ಬೆಂಚ್ ವಾರಂಟಿನ ಮೇಲೆ ಕೈಕೋಳ ತೊಡಿಸಿದರೆ ಅದು ಅರೆಸ್ಟ್. ವೀಸಾದ ಡಿಎಸ್-160 ಅರ್ಜಿ "ಎಂದಾದರೂ ಅರೆಸ್ಟ್ ಆಗಿದ್ದೀರಾ?" ಎಂದು ಕೇಳುತ್ತದೆ, ಕೇಸು ಆಮೇಲೆ ವಜಾ ಆಯಿತೋ ಇಲ್ಲವೋ ಎಂದು ಕೇಳಿ ಬಿಡುವುದಿಲ್ಲ. ಸಿಟಿಜನ್‌ಶಿಪ್‌ನ ಎನ್-400 ಇನ್ನೂ ವಿಸ್ತಾರವಾಗಿ ಕೇಳುತ್ತದೆ. ವಿದೇಶದಿಂದ ಬರುವಾಗ ಓಹೇರ್‌ನಲ್ಲಿ ಇಳಿದರೆ ಕಸ್ಟಮ್ಸ್‌ನವರು ಪೊಲೀಸ್ ದಾಖಲೆಗಳನ್ನು ನೋಡಬಲ್ಲರು. ಪ್ರತಿ ಸಣ್ಣ ವಾರಂಟೂ ರಾಷ್ಟ್ರೀಯ ಪಟ್ಟಿಗೆ ಸೇರುವುದಿಲ್ಲ, ನಿಜ. ಆದರೆ ಇಲಿನಾಯ್‌ನ ಲೀಡ್ಸ್, ಮಿಶಿಗನ್‌ನ ಲೀನ್ ಎಂಬ ಪೊಲೀಸ್ ಜಾಲಗಳಲ್ಲಿ ನಿಮ್ಮ ಹೆಸರು ಕೂತಿದ್ದರೆ ರಸ್ತೆಯ ಬದಿಯಲ್ಲಿ ನಿಲ್ಲಿಸಿದ ಯಾವ ಪೊಲೀಸನಿಗೂ ಅದು ಒಂದು ನಿಮಿಷದ ಕೆಲಸ.

ಇದು ಬರೀ ಭಯವಲ್ಲ ಎನ್ನುವುದಕ್ಕೆ 2025ರ ಏಪ್ರಿಲ್ ನೆನಪಿಸಿಕೊಳ್ಳಿ. ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರುಗಳನ್ನು ಸರ್ಕಾರ ಎನ್‌ಸಿಐಸಿ ಎಂಬ ರಾಷ್ಟ್ರೀಯ ಅಪರಾಧ ದಾಖಲೆಯೊಡನೆ ತಾಳೆ ನೋಡಿತು. 6,400ರಷ್ಟು ಹೆಸರುಗಳು ಹೊಂದಿದವು. ಅದರ ಆಧಾರದ ಮೇಲೆ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆ ಅಳಿಸಿದರು. ಅವರಲ್ಲಿ ಕೇಸು ವಜಾ ಆದವರು, ಬರೀ ಟ್ರಾಫಿಕ್ ವಿಷಯ ಇದ್ದವರು ಹಲವರು. ಮಿಶಿಗನ್‌ನಲ್ಲಿ ನಾಲ್ವರು ವಿದ್ಯಾರ್ಥಿಗಳು ಎಸಿಎಲ್‌ಯು ನೆರವಿನಿಂದ ಕೋರ್ಟಿಗೆ ಹೋದರು. ದೇಶದ ಉದ್ದಗಲಕ್ಕೂ ಹೀಗೆ ಕೇಸು ಬಿದ್ದ ಮೇಲೆ, ತಿಂಗಳ ಕೊನೆಗೆ ಸರ್ಕಾರ ದಾಖಲೆಗಳನ್ನು ಮರಳಿ ಜೋಡಿಸಿತು. ಅಷ್ಟರಲ್ಲಿ ಆ ಮಕ್ಕಳ ಮತ್ತು ಊರಲ್ಲಿದ್ದ ಅಪ್ಪ ಅಮ್ಮಂದಿರ ಪಾಡು ಏನಾಗಿತ್ತೋ ನೀವೇ ಊಹಿಸಿ. ದಾಖಲೆಯಲ್ಲಿ ಒಂದು ಸಾಲು ಬಾಕಿ ಉಳಿದರೆ ಅದನ್ನು ಯಾರು, ಯಾವ ಕಾಲದಲ್ಲಿ, ಯಾವ ಉದ್ದೇಶಕ್ಕೆ ಓದುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ.

ಹಾಗಾದರೆ ಗೊತ್ತಾದ ಕೂಡಲೇ ಏನು ಮಾಡಬೇಕು? ನನ್ನ ಪರಿಚಯದ ಒಬ್ಬರಿದ್ದಾರೆ. ಇನ್ಶೂರೆನ್ಸ್ ಕಂಪನಿಯವರು ಲೈಸೆನ್ಸ್ ವಿಚಾರಿಸಿದಾಗ ಅವರಿಗೆ ಅನುಮಾನ ಬಂತು. ಕೌಂಟಿ ಕ್ಲರ್ಕ್‌ನ ತಾಣದಲ್ಲಿ ತಮ್ಮ ಹೆಸರು ಹಾಕಿ ಹುಡುಕಿದರೆ ಹದಿನಾಲ್ಕು ತಿಂಗಳ ಹಿಂದಿನ ವಾರಂಟು. ಮೂರು ವಾರ ಹೆಂಡತಿಗೂ ಹೇಳಲಿಲ್ಲ. ಆಫೀಸಿಗೆ ಒಳರಸ್ತೆಗಳಲ್ಲೇ, ಮೂವತ್ತರ ವೇಗದಲ್ಲಿ ಹೋಗುತ್ತಿದ್ದರಂತೆ. ಕೊನೆಗೆ ಆಕೆಯೇ ಪತ್ತೆ ಮಾಡಿ, ಬೈದು, ವಕೀಲರನ್ನು ಹುಡುಕಿದರು. ವಕೀಲರು ವಾರಂಟ್ ರದ್ದು ಮಾಡಿ ಹಿಂತೆಗೆದುಕೊಳ್ಳಿ ಎಂದು ಅರ್ಜಿ ಹಾಕಿದರು. ಕೇಸು ಪಟ್ಟಿಗೆ ಬಂತು. ಒಂದು ಮಂಗಳವಾರ ಬೆಳಿಗ್ಗೆ ಇವರೂ ವಕೀಲರೂ ನಿಂತರು. ನ್ಯಾಯಾಧೀಶರು ಕೇಳಿದ್ದು ಎರಡೇ ಪ್ರಶ್ನೆ: ಯಾಕೆ ಬರಲಿಲ್ಲ, ಈಗಿನ ವಿಳಾಸ ಏನು. ವಾರಂಟ್ ರದ್ದಾಗಿ ಹೊಸ ತಾರೀಖು ಸಿಕ್ಕಿತು. ಒಳಗೆ ಇದ್ದದ್ದು ಆರು ನಿಮಿಷ. "ಮೂರು ವಾರ ನಿದ್ದೆಗೆಟ್ಟದ್ದು ಈ ಆರು ನಿಮಿಷಕ್ಕಾ?" ಎಂದು ಆಮೇಲೆ ಅವರೇ ನಕ್ಕರು. ಹೆಂಡತಿ ಇನ್ನೂ ನಕ್ಕಿಲ್ಲ.

ಎಲ್ಲರಿಗೂ ಆರೇ ನಿಮಿಷ ಎಂದು ನಾನು ಹೇಳಲಾರೆ. ಆದರೆ ತಾನಾಗಿ ಬಂದವರನ್ನೂ ಹಿಡಿದು ತಂದವರನ್ನೂ ಕೋರ್ಟು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಮಿಶಿಗನ್‌ನಲ್ಲಿ ಇದು ಈಗ ಕಾನೂನಿನಲ್ಲೇ ಇದೆ. 2021ರ ಏಪ್ರಿಲ್ 1ರಿಂದ, ಹಲ್ಲೆ ಅಥವಾ ಮನೆಯೊಳಗಿನ ಹಿಂಸೆಯ ಕೇಸಲ್ಲದಿದ್ದರೆ, ಮೊದಲ ಸಲ ತಪ್ಪಿಸಿಕೊಂಡವರಿಗೆ ಬೆಂಚ್ ವಾರಂಟ್ ಹೊರಡಿಸುವ ಮುಂಚೆ ಸಾಮಾನ್ಯವಾಗಿ 48 ಗಂಟೆ ಕಾಯಬೇಕು. ತಾರೀಖು ತಪ್ಪಿತೆಂದು ಅಂದೇ ಸಂಜೆ ನೆನಪಾದರೆ ಮರುದಿನ ಬೆಳಿಗ್ಗೆ ಓಡಿ. ವಾರಂಟ್ ಹುಟ್ಟುವ ಮುಂಚೆಯೇ ಮುಗಿಯಬಹುದು. ಸಣ್ಣ ಕೇಸುಗಳಲ್ಲಿ ವಾರಂಟ್ ಹೊರಟ ಒಂದು ವರ್ಷದೊಳಗೆ ತಾವಾಗಿ ಬಂದವರನ್ನು ಓಡಿಹೋಗುವ ಆಸಾಮಿ ಅಲ್ಲವೆಂದೇ ಮೊದಲಿಗೆ ಎಣಿಸಬೇಕು ಎಂದೂ ಇದೆ. ಇಲಿನಾಯ್ 2023ರ ಸೆಪ್ಟೆಂಬರ್ 18ರಿಂದ ನಗದು ಜಾಮೀನನ್ನೇ ತೆಗೆದುಹಾಕಿತು, ದೇಶದಲ್ಲೇ ಮೊದಲು. ಹಿಂದೆ ವಾರಂಟಿನ ಮೇಲೆ ಜಾಮೀನಿನ ಮೊತ್ತ ಬರೆದು ಅದರ ಶೇಕಡಾ 10 ಕಟ್ಟಿಸಿಕೊಳ್ಳುತ್ತಿದ್ದರು. ಈಗ ಆ ಲೆಕ್ಕವಿಲ್ಲ. ಗೈರಾದವರಿಗೆ ವಾರಂಟಿನ ಬದಲು ಸಮನ್ಸ್ ಕಳಿಸುವ ಅವಕಾಶವೂ ನ್ಯಾಯಾಧೀಶರಿಗೆ ಇದೆ.

ಮಾಡಬಾರದ್ದೂ ಒಂದಿದೆ. ನೋಡೋಣ ಎಂದು ಪೊಲೀಸ್ ಠಾಣೆಗೆ ನಡೆದು ಹೋಗಿ "ನನ್ನ ಮೇಲೆ ವಾರಂಟ್ ಇದೆಯಾ?" ಎಂದು ಕೇಳಬೇಡಿ. ಇದ್ದರೆ ಹಿಡಿಯುವುದು ಅವರ ಕೆಲಸ. ಹೋಗಬೇಕಾದದ್ದು ಕೋರ್ಟಿನ ಕ್ಲರ್ಕ್ ಹತ್ತಿರ, ಅಥವಾ ವಕೀಲರ ಮೂಲಕ. ಅದೂ ವಾರದ ಮಧ್ಯೆ, ಬೆಳಿಗ್ಗೆ. ಇನ್ನೊಂದು, ಬೇಗ ಮುಗಿಯಲಿ ಎಂದು ತಪ್ಪೊಪ್ಪಿಕೊಂಡುಬಿಡಬೇಡಿ. 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ಅದನ್ನು ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದಿದೆ. ಆ ಪ್ರಶ್ನೆಯನ್ನು ನಾವೇ ಬಾಯಿಬಿಟ್ಟು ಕೇಳಬೇಕು. ಇಂಗ್ಲಿಷಿನಲ್ಲಿ ತಡವರಿಸುವ ಹಿರಿಯರು ಇದ್ದರೆ ಕನ್ನಡ ದುಭಾಷಿಯನ್ನು ಮುಂಚೆಯೇ ಕೇಳಬಹುದು, ಮಗನೋ ಸೊಸೆಯೋ ಅಲ್ಲಿ ಭಾಷಾಂತರಕ್ಕೆ ನಿಲ್ಲಬೇಕಾಗಿಲ್ಲ.

ಇಷ್ಟು ಓದಿ ಕೆಲವರು ಹೇಳುತ್ತಾರೆ: "ಈಗಿನ ಕಾಲದಲ್ಲಿ ಕೋರ್ಟಿಗೆ ಹೋದರೆ ಐಸ್‌ನವರು ಬಾಗಿಲಲ್ಲೇ ಕಾಯುತ್ತಿರುತ್ತಾರಲ್ಲ ಸ್ವಾಮಿ?" ಈ ಅಂಜಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. 2025ರಲ್ಲಿ ದೇಶದ ಅನೇಕ ಕಡೆ ಕೋರ್ಟುಗಳ ಹತ್ತಿರ ಬಂಧನಗಳು ನಡೆದವು. ಕುಕ್ ಕೌಂಟಿಯ ಮುಖ್ಯ ನ್ಯಾಯಾಧೀಶರು ಅದೇ ಅಕ್ಟೋಬರ್‌ನಲ್ಲಿ, ನ್ಯಾಯಾಧೀಶರ ಸಹಿಯ ವಾರಂಟ್ ಇಲ್ಲದೆ ಕೋರ್ಟಿಗೆ ಬಂದವರನ್ನು ವಲಸೆ ಕಾರಣಕ್ಕೆ ಬಂಧಿಸಬಾರದು ಎಂದು ಆದೇಶ ಹೊರಡಿಸಬೇಕಾಯಿತು. ಯಾರ ವೀಸಾ ಸ್ಥಿತಿ ಡೋಲಾಯಮಾನವಾಗಿದೆಯೋ ಅವರು ಮೊದಲು ಇಮಿಗ್ರೇಷನ್ ವಕೀಲರನ್ನು ಕಂಡು ಆಮೇಲೆ ಹೆಜ್ಜೆ ಇಡುವುದೇ ಸರಿ. ಆದರೆ ವೀಸಾ ಸರಿಯಾಗಿರುವ, ಗ್ರೀನ್ ಕಾರ್ಡ್ ಇರುವ ನಮ್ಮ ಬಹುಮಂದಿ ಇದೇ ನೆಪ ಹೇಳಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಕೂತರೆ ಅಪಾಯ ಹೋಗುವುದಿಲ್ಲ, ರಸ್ತೆಗೆ ವರ್ಗವಾಗುತ್ತದೆ ಅಷ್ಟೆ, ಹಿಂದಿನ ಸೀಟಿನಲ್ಲಿ ಮಕ್ಕಳು ಇರುವಾಗ.

ಈ ವ್ಯವಸ್ಥೆಯೇ ಸರಿ ಇಲ್ಲ ಎನ್ನುವವರ ಮಾತೂ ಸುಳ್ಳಲ್ಲ. ಮಿಸೂರಿಯ ಫರ್ಗುಸನ್ ಊರಿನ ಬಗ್ಗೆ ನ್ಯಾಯ ಇಲಾಖೆ 2015ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಓದಿದರೆ ಹೊಟ್ಟೆ ತೊಳಸುತ್ತದೆ. ಸುಮಾರು 21,000 ಜನರ ಊರು. ಅದರ ಕೋರ್ಟು 2013 ಒಂದರಲ್ಲೇ 9,000ಕ್ಕೂ ಹೆಚ್ಚು ವಾರಂಟ್ ಹೊರಡಿಸಿತ್ತು, ಬಹುಪಾಲು ಪಾರ್ಕಿಂಗ್, ಟ್ರಾಫಿಕ್, ಮನೆಯ ನಿಯಮಗಳಂಥ ಸಣ್ಣ ವಿಷಯಗಳಿಂದ ಬೆಳೆದದ್ದು. ಊರಿನ ಬೊಕ್ಕಸ ತುಂಬಲು ಕೋರ್ಟನ್ನು ಬಳಸಿದ್ದರು. ಅಲ್ಲಿ ಬಡವರು ಬರದೇ ಇದ್ದದ್ದು ದುಡ್ಡಿಲ್ಲದೆ, ರಜೆ ಸಿಗದೆ. ನಮಗೆ ದುಡ್ಡೂ ಇದೆ, ಮನೆಯಿಂದ ಕೆಲಸ ಮಾಡುವ ಸವಲತ್ತೂ ಇದೆ. ಇಲ್ಲದ್ದು ಬಾಯಿ.

ಬಾಯಿ ಯಾಕಿಲ್ಲ ಎಂಬುದು ಗೊತ್ತಿರುವುದೇ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಕೇಳಿಕೊಂಡೇ ನಾವು ಬೆಳೆದವರು. ತಾತನ ಕಾಲದ ಜಮೀನಿನ ವ್ಯಾಜ್ಯ ಮೊಮ್ಮಗನ ಕಾಲಕ್ಕೆ ಬಂದದ್ದನ್ನು ಕಂಡವರು. ಮನೆ ಬಾಗಿಲಿಗೆ ಅಮೀನ ಬಂದರೆ ಮರ್ಯಾದೆ ಹೋಯಿತು ಎಂಬುದು ರಕ್ತದಲ್ಲಿದೆ. ಆ ಅನುಭವ ಅಲ್ಲಿಗೆ ಸರಿ, ಇಲ್ಲಿನ ಟ್ರಾಫಿಕ್ ಕೋರ್ಟಿಗೆ ಅದನ್ನು ಹೊತ್ತು ತರಬೇಕಾಗಿಲ್ಲ. ರೋಲಿಂಗ್ ಮೆಡೋಸ್‌ಗೆ ಒಂದು ಬೆಳಿಗ್ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ, ಯಾರು ಬೇಕಾದರೂ ಕೂರಬಹುದು. ಡಾಕ್ಟರು, ಟ್ರಕ್ ಚಾಲಕರು, ಕಾಲೇಜು ಹುಡುಗಿಯರು ಎಲ್ಲರೂ ಸರದಿಗೆ ಕಾಯುತ್ತಿರುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಅಂದ ಹಾಗೆ ಊರಿನ ಕೋರ್ಟನ್ನೂ ಮರೆಯಬೇಡಿ. ಸೈಟಿನ ವ್ಯವಹಾರಕ್ಕೆ ಕೊಟ್ಟ ಚೆಕ್ ಬೌನ್ಸ್ ಆಗಿ ಬಸವನಗುಡಿಯ ಹಳೆ ವಿಳಾಸಕ್ಕೆ ಸಮನ್ಸ್ ಹೋಗಿ, ಆಮೇಲೆ ಬೇಲಬಲ್, ನಾನ್‌ಬೇಲಬಲ್ ವಾರಂಟ್ ಆಗುವುದು ಹೊಸದಲ್ಲ. 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು ಮೊದಲು ಸಮನ್ಸ್, ಆಮೇಲೆ ಬೇಲಬಲ್, ಕೊನೆಗಷ್ಟೇ ನಾನ್‌ಬೇಲಬಲ್ ಎಂಬ ಮೆಟ್ಟಿಲು ಹೇಳಿದೆ. ಅಲ್ಲೂ ವಾರಂಟಿಗೆ ಅವಧಿ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮು ಹಳೆಯ 70ನೇ ಕಲಮಿನ ಮಾತನ್ನೇ ಮುಂದುವರಿಸಿದೆ. ವಾರಂಟ್ ಬಾಕಿ ಇದ್ದರೆ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟಿಗೂ ಕುತ್ತು. ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕುವುದಕ್ಕೆ ದುಡ್ಡಿಲ್ಲ. ವಕೀಲರ ಮೂಲಕ ಖುದ್ದು ಹಾಜರಾತಿಯಿಂದ ವಿನಾಯಿತಿ ಕೇಳುವ ದಾರಿಯೂ ಇದೆ.

ಇನ್ನು ಫೋನ್ ಕಳ್ಳರು. "ಜ್ಯೂರಿ ಡ್ಯೂಟಿಗೆ ಬಂದಿಲ್ಲ, ವಾರಂಟ್ ಹೊರಟಿದೆ, ಗಿಫ್ಟ್ ಕಾರ್ಡ್ ಕೊಂಡು ನಂಬರ್ ಹೇಳಿ" ಎಂದು ಕರೆ ಬಂದರೆ ಇಟ್ಟುಬಿಡಿ. ಸಿಟಿಜನ್ ಅಲ್ಲದವರಿಗೆ ಜ್ಯೂರಿ ಡ್ಯೂಟಿಯೇ ಇಲ್ಲ, ಯಾವ ಕೋರ್ಟೂ ಗಿಫ್ಟ್ ಕಾರ್ಡ್ ಮುಟ್ಟುವುದಿಲ್ಲ. ಊರಿನಲ್ಲಿ ಇದರ ಅಣ್ಣ ಡಿಜಿಟಲ್ ಅರೆಸ್ಟ್. 2024ರ ಅಕ್ಟೋಬರ್‌ನ ಮನದ ಮಾತಿನಲ್ಲಿ ಪ್ರಧಾನಿಯವರೇ ಎಚ್ಚರಿಸಬೇಕಾಯಿತು. ಅಪ್ಪ ಅಮ್ಮನಿಗೆ ಈ ವಾರದ ಫೋನಿನಲ್ಲೇ ಹೇಳಿಬಿಡಿ. ಗುಟ್ಟಾಗಿ ಒದ್ದಾಡುವವರೇ ಇಂಥ ಕಳ್ಳರ ಬಲೆಗೆ ಸುಲಭವಾಗಿ ಬೀಳುವುದು.

ಕೂಟದ ಕಾರ್ಯಕಾರಿ ಸಮಿತಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ವರ್ಷಕ್ಕೊಮ್ಮೆ ಟ್ಯಾಕ್ಸ್ ಬಗ್ಗೆ ಸಿಪಿಎ ಅವರನ್ನು ಕರೆಸುತ್ತೇವೆ, ಆರೋಗ್ಯ ಶಿಬಿರ ಮಾಡುತ್ತೇವೆ. ಅದರ ಪಕ್ಕದಲ್ಲಿ ಇನ್ನೊಂದು ಟೇಬಲ್ ಹಾಕಿ, ಒಬ್ಬ ಟ್ರಾಫಿಕ್ ವಕೀಲರು, ಒಬ್ಬ ಇಮಿಗ್ರೇಷನ್ ವಕೀಲರು ಎರಡು ಗಂಟೆ ಕೂತರೆ ಸಾಕು. ಸದಸ್ಯತ್ವ ನವೀಕರಣದ ಅರ್ಜಿಯಲ್ಲಿ "ವಿಳಾಸ ಬದಲಾಗಿದೆಯೇ? ಲೈಸೆನ್ಸಿನಲ್ಲಿ ಬದಲಿಸಿದಿರಾ? ಬಾಕಿ ಕೇಸಿದ್ದರೆ ಕೋರ್ಟಿಗೆ ತಿಳಿಸಿದಿರಾ?" ಎಂಬ ಒಂದು ಸಾಲು ಸೇರಿಸಿ, ಇಲಿನಾಯ್‌ನಲ್ಲಿ ಲೈಸೆನ್ಸಿಗೂ 10 ದಿನದ ಗಡುವೇ ಇದೆ. ಮತ್ತೆ, ಕೋರ್ಟಿಗೆ ಜೊತೆಯಲ್ಲಿ ಬರಬಲ್ಲ ನಾಲ್ಕು ಜನರ ಹೆಸರು ಸಮಿತಿಯ ಬಳಿ ಇರಲಿ. ವಕಾಲತ್ತು ಮಾಡಲಿಕ್ಕಲ್ಲ, ಪಕ್ಕದಲ್ಲಿ ಕೂರಲಿಕ್ಕೆ, ವಾಪಸು ಬರುವಾಗ ಗಾಡಿ ಓಡಿಸಲಿಕ್ಕೆ. ಲೈಸೆನ್ಸ್ ಅಮಾನತಾಗಿರುವವರು ಕೋರ್ಟಿಗೆ ತಾವೇ ಕಾರು ಓಡಿಸಿಕೊಂಡು ಹೋದರೆ ಅದಕ್ಕಿಂತ ಪೆದ್ದುತನ ಇನ್ನೊಂದಿಲ್ಲ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ಮಂಗಳವಾರ, ಗುರುವಾರ ಬೆಳಿಗ್ಗೆ ನನಗೆ ಮೀಟಿಂಗ್ ಇರುವುದಿಲ್ಲ.

ನಿಮ್ಮವ,
ಎಲ್ಕ್ ಗ್ರೋವ್ ವಿಲೇಜ್‌ನಿಂದ ಒಬ್ಬ ಸದಸ್ಯ